ಗೋದಾಮಿನ ನಿವೇಶನ ಮತ್ತು ಮುಚ್ಚಿಹೋದ ಕಾಲುವೆಗಳು

ಒಂದು ಕೆರೆ ತುಂಬಿ ಕೋಡಿ ಹರಿದು, ಹಳ್ಳದ ಮೂಲಕ ಕೆಳಗಿನ ಕೆರೆಯನ್ನು ಸೇರುವ ವ್ಯವಸ್ಥೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬಹು ಹಳೆಯದು. ಮಳೆ ಕಡಿಮೆಯಾದ ವರ್ಷಗಳಲ್ಲಿ ಈ ಹಳ್ಳಗಳು ಒಣಗಿರುತ್ತವೆ. ಮಣ್ಣು ತುಂಬಿ ಸಮಮಾಡಿದರೆ ಉತ್ತಮ ನಿವೇಶನದಂತೆಯೇ ಕಾಣುತ್ತವೆ. ಹೊನ್ನವಳ್ಳಿಯಲ್ಲಾಗಲಿ, ತಿಪಟೂರು ಮಾರುಕಟ್ಟೆಯ ಸುತ್ತಲಾಗಲಿ ಕೊಬ್ಬರಿ ಗೋದಾಮಿಗೆ ಜಾಗ ಕೊಳ್ಳುವ ವರ್ತಕರು ಕ್ರಯಪತ್ರದೊಂದಿಗೆ ನೀರಿನ ಹಳೆಯ ದಾರಿಯನ್ನೂ ಪರಿಶೀಲಿಸುವುದು ಅವಶ್ಯಕ.

ಬೆಂಗಳೂರಿನ ಪಾಠ

ಬೆಂಗಳೂರಿನ ಧರ್ಮಾಂಬುಧಿ ಕೆರೆಯ ನೆಲದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆಗಳನ್ನು ಜೋಡಿಸುತ್ತಿದ್ದ ರಾಜಕಾಲುವೆಗಳು ಅನೇಕ ಕಡೆ ಕಿರಿದಾದವು, ಕೆಲವೆಡೆ ಕಟ್ಟಡಗಳ ಕೆಳಗೆ ಸೇರಿದವು. 2016ರ ಆಗಸ್ಟ್‌ನಲ್ಲಿ ಒತ್ತುವರಿ ತೆರವು ನಡೆದಾಗ, ನೋಂದಾಯಿತ ಕ್ರಯಪತ್ರ ಹೊಂದಿದ್ದವರ ಮನೆಗಳೂ ಉರುಳಿದವು. 2022ರ ಆಗಸ್ಟ್ 30ರ ಮಳೆಯಲ್ಲಿ ಹೊರವರ್ತುಲ ರಸ್ತೆ ಜಲಾವೃತವಾಗಿ ಒಂದೇ ದಿನ 225 ಕೋಟಿ ರೂ. ನಷ್ಟವಾಯಿತೆಂದು ಅಲ್ಲಿನ ಕಂಪನಿಗಳ ಸಂಘವು ಸರ್ಕಾರಕ್ಕೆ ತಿಳಿಸಿತ್ತು.

ದಾಖಲೆಗಳ ಪರಿಶೀಲನೆ

ಮೊದಲನೆಯದಾಗಿ, ಗ್ರಾಮ ನಕ್ಷೆ. ಇದರ ಪ್ರಮಾಣ ಸಾಮಾನ್ಯವಾಗಿ 1:7,920. ಅಂದರೆ ನಕ್ಷೆಯ 1 ಅಂಗುಲಕ್ಕೆ ನೆಲದ 660 ಅಡಿ. ಕೆರೆ, ಹಳ್ಳ, ಕಾಲುವೆಗಳನ್ನು ಇದರಲ್ಲಿ ಗುರುತಿಸಿರುತ್ತಾರೆ. ಸರ್ವೆ ನಂಬರನ್ನು ಮಾತ್ರ ನೋಡದೆ, ಮೇಲಿನ ಕೆರೆಯಿಂದ ಕೆಳಗಿನ ಕೆರೆಯವರೆಗೆ ಹಳ್ಳದ ಗೆರೆಯನ್ನು ಅನುಸರಿಸಬೇಕು.

ಎರಡನೆಯದಾಗಿ, ಪಹಣಿ ಮತ್ತು ಆಕಾರ್‌ಬಂದ್. ಪಹಣಿಯಲ್ಲಿ ಖರಾಬನ್ನು 'ಎ' ಮತ್ತು 'ಬಿ' ಎಂದು ವಿಂಗಡಿಸಿರುತ್ತದೆ. 'ಬಿ' ಖರಾಬು ಸಾರ್ವಜನಿಕ ಉಪಯೋಗದ ಜಾಗ. ಹೊಳೆ, ಹಳ್ಳ, ಕೆರೆ, ಕಾಲುವೆಗಳು ಖಾಸಗಿ ಸ್ವತ್ತೆಂದು ಸಿದ್ಧವಾಗದ ಹೊರತು ಸರ್ಕಾರದ ಸ್ವತ್ತೆಂದು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಪ್ರಕರಣ ಹೇಳುತ್ತದೆ. ಉದಾಹರಣೆಗೆ, 30 ಗುಂಟೆಯಲ್ಲಿ 4 ಗುಂಟೆ 'ಬಿ' ಖರಾಬಿದ್ದರೆ ಮಾರುವವನಿಗೆ ಹಕ್ಕಿರುವುದು 26 ಗುಂಟೆಗೆ ಮಾತ್ರ. 30 ಗುಂಟೆಗೂ ಬೆಲೆ ಕೊಟ್ಟವನು ಶೇ. 15ಕ್ಕೂ ಹೆಚ್ಚು ಅಧಿಕ ಬೆಲೆ ತೆತ್ತಂತಾಗುತ್ತದೆ.

ಸ್ಥಳ ಪರಿಶೀಲನೆ

ಕೋಡಿ, ತೂಬು, ಹಳ್ಳ ಎಂಬ ಪದಗಳಿರುವ ಸ್ಥಳನಾಮಗಳು ನೀರಿನ ಗುರುತುಗಳೇ. ಮೆಜೆಸ್ಟಿಕ್ ಬಳಿ ಕೆರೆ ಹೋದರೂ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರು ಉಳಿದಿದೆ. ರಸ್ತೆ ಅಥವಾ ರೈಲು ಹಳಿಯ ಕೆಳಗೆ ಮೋರಿ ಇದ್ದರೆ, ಅದರ ನೀರು ಎತ್ತ ಹೋಗಬೇಕೆಂದು ನೋಡಬೇಕು. ಜೋರು ಮಳೆಯ ಮರುದಿನ ಜಾಗವನ್ನು ಕಾಣುವುದೂ, ನೆರೆಯ ತೋಟದ ಹಿರಿಯರನ್ನು ವಿಚಾರಿಸುವುದೂ ಖರ್ಚಿಲ್ಲದ ಪರೀಕ್ಷೆಗಳು.

ಲೆಕ್ಕದ ದೃಷ್ಟಿ

ಉಂಡೆ ಕೊಬ್ಬರಿಯ ತೇವಾಂಶ ಶೇ. 7ನ್ನು ಮೀರಬಾರದೆಂಬುದು ಬೆಂಬಲ ಬೆಲೆ ಖರೀದಿಯ ಮಾನದಂಡ. ನೆಲದಿಂದ ತೇವ ಏರುವ ಗೋದಾಮಿನಲ್ಲಿ ವರ್ಷದ ಶ್ರಮ ಬೂಷ್ಟಿನ ಪಾಲಾಗುತ್ತದೆ. ವಿಮೆಯಲ್ಲಿ ಪ್ರವಾಹದ ಅಪಾಯ ಸೇರಿದೆಯೇ ಎಂಬುದನ್ನು ಪಾಲಿಸಿಯಲ್ಲಿಯೇ ಓದಿಕೊಳ್ಳಬೇಕು. ಕಟ್ಟಡಕ್ಕೆ ತೆರಿಗೆ ಲೆಕ್ಕದಲ್ಲಿ ಸವಕಳಿ ಉಂಟು, ನೆಲಕ್ಕೆ ಇಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲೇ ಪರವಾನಗಿ ಪಡೆದ ಸರ್ವೇಯರಿಂದ ಅಳತೆ ಮಾಡಿಸಿ, 'ಬಿ' ಖರಾಬನ್ನು ಬಿಟ್ಟು ಉಳಿದ ವಿಸ್ತೀರ್ಣಕ್ಕೆ ಮಾತ್ರ ಬೆಲೆ ಕಟ್ಟುವುದು ವರ್ತಕರಿಗೆ ಕ್ಷೇಮಕರ.