ಮಹಿಳಾ ಆರೋಗ್ಯ ರಕ್ಷಣೆ: ಪರೀಕ್ಷೆಗೆ ಕಿರುಟಿಪ್ಪಣಿ

ತುಮಕೂರಿನ ಶಿರಾ ಗೇಟ್‌ನಲ್ಲಿ ವಾಸಿಸುವ ಬಿಪಿಎಲ್ ಕುಟುಂಬದ ಮಹಿಳೆಗೆ ಯಾವ ಯೋಜನೆಗಳ ಆಸರೆಯಿದೆ? ಹೀಗೆ ಕೇಳಿಕೊಂಡು ಓದಿದರೆ ವಿಷಯ ಮನಸ್ಸಿನಲ್ಲಿ ನಿಲ್ಲುತ್ತದೆ.

• ಜನನಿ ಸುರಕ್ಷಾ ಯೋಜನೆ (2005): ಆಸ್ಪತ್ರೆಯಲ್ಲಿ ಹೆರಿಗೆಯಾದರೆ ನಗರದ ಬಿಪಿಎಲ್ ತಾಯಿಗೆ ₹600, ಗ್ರಾಮೀಣ ತಾಯಿಗೆ ₹700.

• ಜನನಿ ಶಿಶು ಸುರಕ್ಷಾ ಕಾರ್ಯಕ್ರಮ (2011): ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ವಾಹನ ಎಲ್ಲವೂ ಉಚಿತ.

• ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ (2016): ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ.

• ಮಾತೃಪೂರ್ಣ (2 ಅಕ್ಟೋಬರ್ 2017): ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿ ಮೂಲಕ ಪೌಷ್ಟಿಕ ಊಟ, ಕರ್ನಾಟಕದ ಯೋಜನೆ.

• ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ (2018): ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ. ಅನುಷ್ಠಾನ: ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

ಗಮನಿಸಿ: ಹಿಂದಿನ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಕುಟುಂಬದ ಐವರಿಗಷ್ಟೇ ಅವಕಾಶವಿತ್ತು. ದೊಡ್ಡ ಕುಟುಂಬದಲ್ಲಿ ಅಜ್ಜಿಯೋ ಹೆಣ್ಣುಮಗುವೋ ಹೊರಗುಳಿಯುವ ಅಪಾಯವಿತ್ತು. ಆಯುಷ್ಮಾನ್ ಭಾರತ್‌ನಲ್ಲಿ ಸದಸ್ಯರ ಸಂಖ್ಯೆಗೆ ಮಿತಿಯಿಲ್ಲ.

ಹೆರಿಗೆಯಷ್ಟೇ ಮಹಿಳೆಯ ಆರೋಗ್ಯವಲ್ಲ. ರಕ್ತಹೀನತೆ, ಸ್ತನ ಹಾಗೂ ಗರ್ಭಕಂಠ ಕ್ಯಾನ್ಸರ್ ತಪಾಸಣೆಯೂ ಅಷ್ಟೇ ಮುಖ್ಯ. ಪರೀಕ್ಷೆಗೆ ಓದಿದ್ದನ್ನು ಮನೆಯ ಹೆಣ್ಣುಮಕ್ಕಳಿಗೂ ತಿಳಿಸಿ.