ಬಣ್ಣದ ಬೊಂಬೆಯೂ ಬಿಸಿಲಿನ ಲೆಕ್ಕವೂ

ಚನ್ನಪಟ್ಟಣದ ಬಣ್ಣದ ಬೊಂಬೆಗಳನ್ನು ಅರಿಯದ ಕನ್ನಡಿಗರು ವಿರಳ. ಬೆಂಗಳೂರು-ಮೈಸೂರು ದಾರಿಯಲ್ಲಿ ಅವನ್ನು ಅಕ್ಕರೆಯಿಂದ ಕೊಂಡವರು ಮನೆಗೆ ಒಯ್ದು, ನಾಲ್ವರು ನೋಡಲೆಂದು ಕಿಟಕಿಯ ಬಳಿ ಇಡುತ್ತಾರೆ. ಕೆಲಕಾಲ ಕಳೆದು ಹಳದಿ ಬಿಳಿಚಿಕೊಂಡರೆ, “ಬಣ್ಣ ಕಳಪೆ, ಮಾಡಿದವನು ಮೋಸಗಾರ” ಎಂದು ಬಿಡುತ್ತಾರೆ. ನಮ್ಮ ತಂದೆಯವರು ಇದೇ ಕಸುಬಿನವರಾದ್ದರಿಂದ ಈ ಮಾತು ನಮ್ಮ ಮನೆಗೆ ಹೊಸದಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ವಿಜ್ಞಾನ ನನ್ನ ಪಾಠ್ಯವಿಷಯವಲ್ಲದಿದ್ದರೂ, ಈ ದೂರು ಎಷ್ಟು ನಿಜವೆಂಬುದನ್ನು ಓದಿ ತಿಳಿಯುವುದು ನನ್ನ ಕರ್ತವ್ಯವೆನಿಸಿತು. ಹಾಗೆ ತಿಳಿದದ್ದನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಬೊಂಬೆಯ ರಚನೆಯನ್ನು ನೋಡೋಣ. ಚೆನ್ನಾಗಿ ಒಣಗಿಸಿದ ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ರೂಪ ಕೊಡುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ, ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮೈಗೆಲ್ಲ ಹರಡಿಕೊಳ್ಳುತ್ತದೆ. ಬಳಿಕ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡದ ಬಣ್ಣ, ಹೀಗೆ ಸಸ್ಯಮೂಲದ ಬಣ್ಣಗಳನ್ನು ಬಳಸುವುದುಂಟು. ರಾಸಾಯನಿಕ ಬಣ್ಣಗಳೂ ಉಂಟು.

ಇವುಗಳಲ್ಲಿ ಅರಿಶಿನವು ಬೆಳಕಿಗೆ ಬಹು ಬೇಗ ಸೋಲುವಂಥದು. ಅರಿಶಿನ ಹಚ್ಚಿದ ಬಟ್ಟೆ ಬಿಸಿಲಿಗೆ ಮಾಸುವುದನ್ನು ನಮ್ಮ ತಾಯಂದಿರೆಲ್ಲರೂ ಬಲ್ಲರು. ನೀಲಿಯಾದರೋ ಅದಕ್ಕಿಂತ ಗಟ್ಟಿ. ಬೆಳಕಿನ ಶಕ್ತಿಯನ್ನು ಹೀರಿದ ಬಣ್ಣದ ಅಣುಗಳು ಗಾಳಿಯ ಆಮ್ಲಜನಕದ ಜೊತೆಗೂಡಿ ಒಡೆಯುತ್ತವೆ. ಒಡೆದ ಅಣುವಿಗೆ ಮೊದಲಿನ ಬಣ್ಣವಿರದು. 1888ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಆಬ್ನಿ ಎಂಬ ವಿಜ್ಞಾನಿಗಳು ಜಲವರ್ಣಗಳನ್ನು ಪರೀಕ್ಷಿಸಿ, ಗಾಳಿ ತೆಗೆದ ನಳಿಗೆಯಲ್ಲಿ ಬಹುಪಾಲು ಬಣ್ಣಗಳು ಮಾಸುವುದಿಲ್ಲವೆಂದು ತೋರಿಸಿದರು. ಆದರೆ ಗಾಳಿಯನ್ನು ನಮ್ಮ ಮನೆಯಿಂದ ಹೊರದೂಡಲಾಗದು, ಬಿಸಿಲನ್ನು ದೂರವಿಡಬಹುದು.

ಇಲ್ಲಿ ಒಂದು ಸಣ್ಣ ಲೆಕ್ಕ. ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಬೇಗ ಮಾಸುವ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳಲ್ಲಿ ಸುಮಾರು 50 ಲಕ್ಸ್ ಸಾಕೆಂಬ ನಿಯಮವಿದೆ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್. ಹಾನಿಯು ಬೆಳಕನ್ನೂ ಕಾಲವನ್ನೂ ಗುಣಿಸಿದಷ್ಟು. ಸಂಗ್ರಹಾಲಯದಲ್ಲಿ ದಿನಕ್ಕೆ 10 ಗಂಟೆಯಂತೆ ಇಟ್ಟ ಬೊಂಬೆ 200 ದಿನಗಳಲ್ಲಿ ಕಾಣುವ ಬೆಳಕನ್ನು, ಬಿಸಿಲಿಗಿಟ್ಟ ಬೊಂಬೆ ಒಂದೇ ಗಂಟೆಯಲ್ಲಿ ಕಂಡುಬಿಡುತ್ತದೆ! ಹೀಗಿರುವಾಗ ತಪ್ಪು ಮಾಡಿದವನದೋ, ಇಟ್ಟವನದೋ?

“ಗಾಜಿನ ಬೀರುವಿನಲ್ಲಿಟ್ಟಿದ್ದೇವಲ್ಲ” ಎನ್ನುವವರಿದ್ದಾರೆ. ಗಾಜು ಧೂಳನ್ನು ತಡೆದೀತು, ಬೆಳಕನ್ನಲ್ಲ. ಅತಿನೇರಳೆ ಕಿರಣಗಳಲ್ಲಿಯೂ ಒಂದು ಭಾಗ ಸಾಮಾನ್ಯ ಗಾಜನ್ನು ದಾಟಿ ಬರುತ್ತದೆ. ಅದೂ ಅಲ್ಲದೆ ಕಣ್ಣಿಗೆ ಕಾಣುವ ಬೆಳಕೇ ಬಣ್ಣವನ್ನು ಮಾಸಿಸಬಲ್ಲದು. ಮುಚ್ಚಿದ ಗಾಜಿನೊಳಗೆ ಬಿಸಿಲು ಬಿದ್ದರೆ ಶಾಖ ಏರುತ್ತದೆ. ಶಾಖಕ್ಕೆ ಮೆತ್ತಗಾಗುವುದು ಅರಗಿನ ಗುಣ. ಆ ಗುಣದಿಂದಲೇ ಅದು ಮರಕ್ಕೆ ಅಂಟಿತು, ಆ ಗುಣದಿಂದಲೇ ಕೆಡುತ್ತದೆ. ಮರವು ಒಣಗಿ ಕುಗ್ಗಿದರೆ ಮೇಲಿನ ಅರಗು ಬಿರುಕು ಬಿಡುವುದೂ ಉಂಟು.

ಹಾಗಾದರೆ ಉಪಾಯವೇನು? ನಮ್ಮ ಹಿರಿಯರ ಬೊಂಬೆ ಹಬ್ಬವನ್ನೇ ನೋಡಿ. ನವರಾತ್ರಿಯಲ್ಲಿ ಒಂಬತ್ತು ದಿನ ಒಳಮನೆಯಲ್ಲಿ ಜೋಡಿಸಿ, ಬಳಿಕ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಡುವುದು ಸಂಪ್ರದಾಯ. ತಲೆಮಾರುಗಳ ಬೊಂಬೆಗಳು ಬಣ್ಣಗೆಡದೆ ಉಳಿದಿರುವುದರಲ್ಲಿ ಈ ಪದ್ಧತಿಯ ಪಾಲು ದೊಡ್ಡದು. ನಾವೂ ಹೀಗೆ ಮಾಡಬಹುದು: ಬೊಂಬೆಗಳನ್ನು ಬಿಸಿಲು ಬೀಳದ ಗೋಡೆಯ ಬದಿಗೆ ಇಡುವುದು, ಕಿಟಕಿಗೆ ದಪ್ಪ ಪರದೆ ಹಾಕುವುದು, ಎಲ್ಲವನ್ನೂ ಒಮ್ಮೆಲೇ ಹೊರಗಿಡದೆ ಸರದಿಯಂತೆ ಇಡುವುದು, ಬೀರುವಿನೊಳಗೆ ಬಿಸಿಯಾಗುವ ದೀಪದ ಬದಲು ಸಣ್ಣ ಎಲ್‌ಇಡಿ ದೀಪ ಬಳಸಿ, ನೋಡುವಾಗ ಮಾತ್ರ ಹಚ್ಚುವುದು. ಒದ್ದೆ ಬಟ್ಟೆಯಿಂದ ತೊಳೆಯದೆ ಒಣ ಮೆತ್ತನೆಯ ಬಟ್ಟೆಯಿಂದ ಒರೆಸುವುದು ಲೇಸು. ಮಾಸಿದ ಬಣ್ಣ ಮರಳಿ ಬಾರದು, ಕಾಯುವುದೊಂದೇ ದಾರಿ.

ಸಂಶಯವಿದ್ದವರು ಸ್ವತಃ ಪರೀಕ್ಷಿಸಬಹುದು. ಅರಿಶಿನ ಹಚ್ಚಿದ ಕಾಗದದ ಅರ್ಧಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ ಕೆಲವು ದಿನ ಬಿಸಿಲಿಗಿಟ್ಟು ತೆಗೆದು ನೋಡಲಿ.

ಮಕ್ಕಳು ಆಟದ ಸಾಮಾನನ್ನು ಬಾಯಿಗಿಡುವುದು ಸಹಜವಾದ್ದರಿಂದ, ಅರಿಶಿನದಂಥ ಬಣ್ಣವನ್ನು ನಮ್ಮ ಕಸುಬಿನವರು ಬೇಕೆಂದೇ ಆರಿಸಿಕೊಳ್ಳುತ್ತಾರೆ. ಮಾಸಿತೆಂದು ಕೊಳ್ಳುವವರು ದೂರುತ್ತ ಹೋದರೆ, ಆತನು ಬೇಸತ್ತು ಅಗ್ಗದ, ಗಾಢವಾದ ಬಣ್ಣಕ್ಕೆ ಕೈಹಾಕಿಯಾನು. ಆಗ ನಷ್ಟ ಅವನೊಬ್ಬನದಲ್ಲ. ಆದ್ದರಿಂದ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೆ: ಬಿಳಿಚಿದ ಬೊಂಬೆಯನ್ನು ಕಂಡಾಗ ಕುಶಲಕರ್ಮಿಯನ್ನು ನಿಂದಿಸುವ ಮುನ್ನ, ಅದು ನಿಂತಿದ್ದ ಕಿಟಕಿ ಯಾವುದೆಂದು ಒಮ್ಮೆ ವಿಚಾರಿಸಿರಿ.