‘ಕ್ರೀಪ್ ಇನ್’: ಗೊತ್ತಾಗದಂತೆ ಒಳಬರುವುದು

ಅಕೌಂಟೆನ್ಸಿ ಕಿರುಪರೀಕ್ಷೆಯಲ್ಲಿ ನನ್ನ ಟ್ರಯಲ್ ಬ್ಯಾಲೆನ್ಸ್ 90 ರೂಪಾಯಿಗೆ ತಾಳೆಯಾಗಲಿಲ್ಲ. ಹುಡುಕುವಷ್ಟರಲ್ಲಿ ಬೆಲ್ ಹೊಡೆಯಿತು. 540 ಎಂದು ಬರೆಯಬೇಕಾದ ಕಡೆ 450 ಬರೆದಿದ್ದೆ. ವ್ಯತ್ಯಾಸವು 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು ಎಂದು ಸರ್ ಮೊದಲೇ ಹೇಳಿಕೊಟ್ಟಿದ್ದರು. ಅವರು ಆ ಅಂಕಿಗೆ ಕೆಂಪು ಸುತ್ತು ಹಾಕಿ ಪಕ್ಕದಲ್ಲಿ, ‘ಆನ್ ಎರರ್ ಹ್ಯಾಸ್ ಕ್ರೆಪ್ಟ್ ಇನ್’ ಎಂದು ಬರೆದರು.

‘ಕ್ರೀಪ್’ ಎಂದರೆ ತೆವಳು. ‘ಕ್ರೀಪ್ ಇನ್’ ಎಂದರೆ ಯಾರ ಗಮನಕ್ಕೂ ಬಾರದೆ ಮೆಲ್ಲಗೆ ಒಳಸೇರು. ನಮ್ಮ ಪತ್ರಿಕೆಗಳು ‘ತಪ್ಪು ನುಸುಳಿದೆ’ ಎಂದು ಬರೆಯುವುದು ಇದೇ ಅರ್ಥದಲ್ಲಿ.

ಬಳಸುವಾಗ ಮೂರು ಸಂಗತಿ ನೆನಪಿರಲಿ.

1. ಭೂತಕಾಲದಲ್ಲಿ ‘ಕ್ರೆಪ್ಟ್’ ಆಗುತ್ತದೆ, ‘ಕ್ರೀಪ್ಡ್’ ಅಲ್ಲ.

2. ಎಲ್ಲಿಗೆ ಸೇರಿತು ಎಂದು ಹೇಳುವಾಗ ‘ಇಂಟು’ ಬರಬೇಕು: ‘ಎ ಮಿಸ್ಟೇಕ್ ಕ್ರೆಪ್ಟ್ ಇಂಟು ಮೈ ಲೆಡ್ಜರ್.’

3. ಇದಕ್ಕೆ ಕರ್ಮಪದವಿಲ್ಲ, ಆದ್ದರಿಂದ ಕರ್ಮಣಿ ಪ್ರಯೋಗವೂ ಇಲ್ಲ. ‘ವಾಸ್ ಕ್ರೆಪ್ಟ್ ಇನ್’ ಎನ್ನಬಾರದು.

ನನಗೆ ಇನ್ನೊಂದು ಉದಾಹರಣೆ ನನ್ನ ಮಾತಿನಲ್ಲೇ ಸಿಕ್ಕಿತು. ಒಮ್ಮೆ ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ‘ಮಳವಳ್ಳಿ ಬಸ್ಸು ಬಂದಳು’ ಎಂದುಬಿಟ್ಟೆ. ಗೆಳತಿಯರು ನಕ್ಕರು. ನಮ್ಮ ಮನೆಮಾತು ಉರ್ದು. ಅದರಲ್ಲಿ ಬಸ್ಸು ಸ್ತ್ರೀಲಿಂಗ, ‘ಬಸ್ ಆಯೀ’ ಎನ್ನುತ್ತೇವೆ. ಆ ಲಿಂಗ ನನ್ನ ಕನ್ನಡದೊಳಗೆ ನುಸುಳಿತ್ತು. ಅದು ಕ್ರೀಪ್ ಇನ್ ಆದದ್ದೇ ನಿಜ. ಅಂದಿನಿಂದ ಕನ್ನಡ ಮಾತಾಡುವ ಮೊದಲು ಎರಡು ಸಲ ಯೋಚಿಸುತ್ತಿದ್ದೆ.

ಇಂಗ್ಲಿಷ್ ತರಗತಿಯಲ್ಲಿ ವಾಕ್ಯ ರಚಿಸಲು ಹೇಳಿದಾಗ, ‘ಉರ್ದು ವರ್ಡ್ಸ್ ಹ್ಯಾವ್ ಕ್ರೆಪ್ಟ್ ಇಂಟು ಕನ್ನಡ’ ಎಂದು ಬರೆದೆ. ಮೇಡಂ ಓದಿ, “ವ್ಯಾಕರಣ ಸರಿ ಇದೆಯಮ್ಮ. ಆದರೆ ಬೇಡದ್ದು ಒಳಬಂದಾಗಲೇ ಈ ಪದ ಹೆಚ್ಚು ಬಳಸೋದು. ಆ ಪದಗಳು ಯಾರಿಗೂ ಬೇಡವಾಗಿದ್ದವಾ?” ಎಂದರು.

ನಾನು ಪಟ್ಟಿ ಮಾಡಿದೆ: ಜಮಾ, ಖರ್ಚು, ಬಾಕಿ, ನಗದು, ರಸೀದಿ, ವಸೂಲಿ. ಮೂಲ ಅರಬ್ಬಿ, ಪಾರಸಿ. ಇವನ್ನು ತೆಗೆದರೆ ಮಂಡ್ಯದ ಮಾರ್ಕೆಟ್ಟಿನಲ್ಲಿ ಲೆಕ್ಕ ಹೇಳುವುದು ಹೇಗೆ? ‘ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ’ ಎಂದು ವಿಳಾಸ ಬರೆಯುವಾಗಲೂ ಅಲ್ಲಿಂದಲೇ ಬಂದ ಎರಡು ಪದ ಇರುತ್ತವೆ. ಇವು ಕದ್ದು ನುಸುಳಿದವಲ್ಲ, ಎಲ್ಲರೂ ಕರೆದು ಕೂರಿಸಿಕೊಂಡವು. ಅಂಥವಕ್ಕೆ ‘ಕೇಮ್ ಇಂಟು’ ಸಾಕು. ನನ್ನ ವಾಕ್ಯವನ್ನು ಹಾಗೇ ತಿದ್ದಿದೆ.

‘ಬಸ್ಸು ಬಂದಳು’ ಎಂಬುದನ್ನೂ ತಿದ್ದಿಕೊಂಡಿದ್ದೇನೆ. ‘ಬಾಕಿ’ ಎನ್ನಲು ಮಾತ್ರ ಈಗ ಹಿಂಜರಿಯುವುದಿಲ್ಲ.

ಈಗ ನೀವು ಪ್ರಯತ್ನಿಸಿ. ಇವನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಯಾವುದಕ್ಕೆ ‘ಕ್ರೀಪ್ ಇನ್’ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಎಂದು ಯೋಚಿಸಿ:

ಅ) ಪರೀಕ್ಷೆಯ ಹಿಂದಿನ ರಾತ್ರಿ ಮನಸ್ಸಿನಲ್ಲಿ ಅನುಮಾನ ನುಸುಳಿತು.

ಆ) ಅತಿಥಿಗಳು ಸಭಾಂಗಣದೊಳಗೆ ಬಂದರು.